ಮೇಸ್ತ್ರಿಯ ಕೂಗು

ಪೆರುಮಾಳ್ ಮೇಸ್ತ್ರಿಯ ಕೈ ಮುನಿಶಾಮಪ್ಪನ ಕೆನ್ನೆಗೆ ಬಿದ್ದ ಸದ್ದಿಗೆ ಬಂಗಾರಪೇಟೆಯ ಬಯಲಿನಲ್ಲಿ ಕೂತಿದ್ದ ಜನವೆಲ್ಲ ತಿರುಗಿ ನೋಡಿತು. ಆ ಜನರ ನಡುವೆ ಮುನಿಶಾಮಪ್ಪನ ಹೆಂಡತಿ ಸುಬ್ಬಲಕ್ಷ್ಮಮ್ಮ ಇದ್ದಳು. ಅಳಿಯನ ಆಟ ನೋಡಲೆಂದೇ ಕ್ಯಾಸಂಬಳ್ಳಿಯಿಂದ ಬಂದ ಮಾವನೂ ಇದ್ದ. ಹೊಡೆಯುವವನಿಗೆ ಅದೆಲ್ಲ ಯಾಕೆ ಬೇಕು?

"ಚೆಡುಗುಡು ಅನ್ನೋದು ಬಿಟ್ಟು ಮರದ ಥರ ನಿಂತ್ಯಲ್ಲಡಾ. ನಾಳೆಯಿಂದ ನನ್ನ ಗ್ಯಾಂಗಿಗೆ ಬರಬೇಡ," ಎಂದ ಪೆರುಮಾಳ್. ಚಿನ್ನದ ಗಣಿಯೊಳಗೆ ಅವನೇ ಮೇಸ್ತ್ರಿ, ಭಾನುವಾರ ಚಾಂಪಿಯನ್ ರೀಫ್ಸಿನ ತಂಡಕ್ಕೆ ಕಬಡ್ಡಿ ಆಟ ಕಲಿಸುವವನೂ ಅವನೇ. ಮೈದಾನದ ಸಿಟ್ಟಿಗೆ ಹೊಟ್ಟೆಯ ಅನ್ನ ಕಿತ್ತುಕೊಳ್ಳುವುದು ಯಾವ ಊರಿನ ನ್ಯಾಯವೋ!

ಆದದ್ದಿಷ್ಟು. ಬೂದಿಕೋಟೆಯವರ ಕಡೆ ನುಗ್ಗಿ ಇಬ್ಬರನ್ನು ಮುಟ್ಟಿದ್ದ ಮುನಿಶಾಮಪ್ಪ ಇನ್ನೇನು ನಡುಗೆರೆಗೆ ಮರಳಬೇಕು, ಹೊರಗಿನಿಂದ ಪೆರುಮಾಳ್, "ನಿಲ್ಲು, ನಿಲ್ಲು, ಇನ್ನೊಬ್ಬ ಸಿಗ್ತಾನೆ," ಎಂದು ಕೂಗಿದ. ಮೊದಲ ಮಾತಿಗೇ ಮುನಿಶಾಮಪ್ಪನ ಕಾಲೂ ನಿಂತಿತು, ಬಾಯೂ ನಿಂತಿತು. ಬೂದಿಕೋಟೆಯವರು ಎಳೆದು ಕೆಡವಿದರು.

ನಿಲ್ಲದೆ ಏನು ಮಾಡಿಯಾನು? ಗಣಿಯ ಆಳದಲ್ಲಿ ಮೇಲಿನ ಬಂಡೆ ಚಿಟ್ ಎಂದರೆ ಈ ಪೆರುಮಾಳನೇ "ನಿಲ್ಲು" ಎನ್ನುತ್ತಿದ್ದ. ಆಗ ಎತ್ತಿದ ಸುತ್ತಿಗೆ ಇಳಿಸುವಂತಿಲ್ಲ, ಯಾಕೆಂದು ಕೇಳುವಂತಿಲ್ಲ. ಹಾಗೊಮ್ಮೆ ನಿಲ್ಲದೆ ಹೆಜ್ಜೆ ಮುಂದಿಟ್ಟು ಬಂಡೆಗೆ ಕಾಲು ಕೊಟ್ಟ ಸೊಣ್ಣಪ್ಪ ಈಗ ಊರಲ್ಲಿ ಕೋಲೂರಿಕೊಂಡು ಹಸು ಕಾಯುತ್ತಾನೆ. ಆ ಕೂಗಿನಿಂದ ಉಳಿದ ಜೀವಗಳೂ ಬೇಕಾದಷ್ಟಿವೆ, ಇಲ್ಲವೆನ್ನಲಾಗದು. ಆದರೆ ಬಯಲಿನಲ್ಲಿ ಯಾವ ಬಂಡೆ ಬೀಳುತ್ತಿತ್ತು? ನೆಲದ ಮೇಲೂ ಅದೇ ಗಂಟಲು, ಅದೇ ಗದರಿಕೆ. ಆ ಮನುಷ್ಯನಿಗೆ ಇನ್ನೊಂದು ಬಗೆಯೇ ಗೊತ್ತಿರಲಿಲ್ಲ.

ಮುನಿಶಾಮಪ್ಪ ಕೆನ್ನೆ ಸವರಿಕೊಳ್ಳಲಿಲ್ಲ.

"ಮೇಸ್ತ್ರೀ, ಒಂದು ಮಾತು ಯೋಳಿ. ಒಳಗೆ ನೀವು ನಿಲ್ಲು ಅಂದ್ರೆ ನಾವು ನಿಲ್ಬೇಕೋ ಬ್ಯಾಡ್ವೋ?"

"ನಿಲ್ಲಬೇಕು."

"ನಿಂತಿದ್ದಕ್ಕೆ ಇವತ್ತು ಒಡೆದ್ರಿ. ನಾಳೆ ನೀವು ಕೂಗ್ದಾಗ ಈ ಏಟು ಗ್ಯಾನಕ್ಕೆ ಬಂದು ಯಾರಾದ್ರೂ ಎಜ್ಜೆ ಮುಂದಿಟ್ರೆ, ಅವನ ಎಂಡ್ತಿಗೆ ಏನಂತ ಯೋಳ್ತೀರಾ?"



ತಂಡದ ಹಿರಿಯ ಬಚ್ಚಪ್ಪ ಅಂಗಳದಿಂದ ಹೊರಬಂದು ಮುನಿಶಾಮಪ್ಪನ ಪಕ್ಕ ನೆಲದ ಮೇಲೆ ಕೂತ. ಉಳಿದವರೂ ಬಂದು ಕೂತರು. ಎರಡನೆಯ ಸುತ್ತಿನ ಆಟಕ್ಕೆ ಕರೆ ಬಂತು, ಒಬ್ಬನೂ ಏಳಲಿಲ್ಲ.

"ಹೊಡೀಬಾರದಿತ್ತು," ಎಂದ ಪೆರುಮಾಳ್. ಅವನ ದನಿ ಇಷ್ಟು ಸಣ್ಣದಾಗಬಲ್ಲದೆಂದು ಗ್ಯಾಂಗಿನವರಿಗೂ ತಿಳಿದಿರಲಿಲ್ಲ. "ತಪ್ಪಾಯ್ತಪ್ಪಾ. ನಾಳೆ ಕೆಲಸಕ್ಕೆ ಬಾ. ಈಗ ಎದ್ದು ಆಡು."

"ಕೆಲಸಕ್ಕೆ ಬತ್ತೀನಿ. ಅಲ್ಲಿ ನಿಮ್ಮ ಮಾತೇ ಮಾತು. ಇಲ್ಲಿ ಮಾತ್ರ ಬಾಯಿ ಬಿಡ್ಬ್ಯಾಡಿ. ನಮಗೂ ಕಣ್ಣವೆ."

ಸಿಟ್ಟಿನ್ನೂ ಇಳಿದಿರಲಿಲ್ಲ. ಇಳಿಯಬೇಕಾಗಿಯೂ ಇರಲಿಲ್ಲ. ಹಾಗೆಯೇ ಎದ್ದು, ಚಡ್ಡಿಯ ಮಣ್ಣು ಕೊಡವಿ, ಮುನಿಶಾಮಪ್ಪ ಚೆಡುಗುಡು ಎನ್ನುತ್ತ ಗೆರೆ ದಾಟಿದ. ಬೂದಿಕೋಟೆಯವರು ಎರಡೂ ಕಡೆಯಿಂದ ಸುತ್ತುವರಿದರು. ಒಬ್ಬ ಬೆನ್ನ ಹಿಂದೆಯೇ ಬಂದ.

ಅಂಗಳದ ಅಂಚಿನಲ್ಲಿ ಪೆರುಮಾಳ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ.