ಮನೆಯಲ್ಲೇ ಡಾಕ್ಟರಿದ್ದಾಗ

ಆಸ್ಪತ್ರೆಯ ವಾರ್ಡಿನ ಬಾಗಿಲ ಕಡೆಯಿಂದ ಅತ್ತರಿನ ವಾಸನೆ, ಬಂದ, ನನ್ನ ಗಂಡನ ಅಣ್ಣ ಕಲ್ಲಯ್ಯ, ನಿವೃತ್ತ ಡಾಕ್ಟರ್, ಕೈಯಲ್ಲಿ ದ್ರಾಕ್ಷಿ — ಎದುರಿಗೆ ಭಾವ ಅನ್ನುತ್ತೇನೆ, ರೀ ಹಚ್ಚುತ್ತೇನೆ, ಮನಸ್ಸಿನೊಳಗೆ ಮಾತ್ರ ಅವನಿಗೆ ಬಹುವಚನವಿಲ್ಲ. ಹೋದ ತಿಂಗಳು ಮಗಳು ಅಂಕಿತಾಳ ಎಡಗಿವಿ ಸೋರಿದಾಗ ಜಿಪಿ, ಅಂದರೆ ಇಲ್ಲಿನ ಬಡಾವಣೆಯ ಡಾಕ್ಟರ್ ಹತ್ತಿರ ಹೋಗೋಣವೆಂದೆ, ಮನ್ಯಾಗ ಡಾಕ್ಟರ್ ಇದ್ದಾಗ ಹೊರಗಿನವರ ಕಡೆ ಯಾಕ, ನನ್ನ ಮರ್ಯಾದಿ ಏನಾಗಬೇಕು, ಅಂದ. ವಿಲಾಯತಿಯ ಈ ಕೆಂಟನ್ನಿನ ನಮ್ಮವರೆಲ್ಲ ಅವನನ್ನು ಕೇಳಿಯೇ ಸೀನುವವರು, ಗಂಡನೂ ತಲೆಯಾಡಿಸಿದ. ಧಾರವಾಡದಿಂದ ಸೂಟ್‌ಕೇಸಿನಲ್ಲಿ ತಂದ ಆಂಟಿಬಯಾಟಿಕ್ ಕೊಟ್ಟ, ಸೋರುವುದು ನಿಂತಿತು, ಸಾಕು, ಗುಳಿಗಿ ನಿಲ್ಲಸು ಅಂದ, ನಿಲ್ಲಿಸಿದೆ — ಒಳಗೆ ಕೀವು ಮಿದುಳಿಗೆ ದಾರಿ ಮಾಡಿಕೊಂಡಿದ್ದು ಯಾರಿಗೆ ಕಾಣಬೇಕು. ಆಮೇಲೆ ದಿನಾ ಎದ್ದ ಕೂಡಲೇ ತಲೆನೋವು, ವಾಂತಿ, ಭಾವ, ಹುಡುಗಿ ಮಂಕಾಗ್ಯಾಳ ಅಂದೆ, ಜಿಸಿಎಸ್‌ಇ ಪರೀಕ್ಷಿ ಅಂಜಿಕಿ ಅದು ಗುರುದೇವಿ, ಜ್ವರ ಎಲ್ಲೈತಿ ಹೇಳು, ಅಂದ. ಜ್ವರ ಇರಲಿಲ್ಲ, ಮಾತುಗಳು ಜಾರುತ್ತಿದ್ದವು, ಶೂ ಅನ್ನಲು ಬರದೆ ಕಾಲು ತೋರಿಸಿದಳು, ಮರುದಿನ ಅಡುಗೆಮನೆಯಲ್ಲಿ ಬಿದ್ದು ಒದ್ದಾಡಿದಳು, ಫಿಟ್ಸ್, ಆಂಬುಲೆನ್ಸ್, ಸ್ಕ್ಯಾನಿನಲ್ಲಿ ಕೀವಿನ ಗಂಟಿನ ಸುತ್ತ ಬಿಳಿ ಉಂಗುರ. ಜಡೆ ಕತ್ತರಿಸಿ ತಲೆ ಬೋಳಿಸಿ, ತಲೆಬುರುಡೆಗೆ ರಂಧ್ರ ಕೊರೆದು ಸೂಜಿಯಿಂದ ಕೀವು ಎಳೆದರು, ಇನ್ನು ವಾರಗಟ್ಟಲೆ ಸಲೈನಿನಲ್ಲಿ ಔಷಧಿ, ಫಿಟ್ಸಿನ ಮಾತ್ರೆ, ಜೀವ ಉಳಿದಿದೆ, ಮಾತು ಬರಬಹುದು, ಬರದೆಯೂ ಇರಬಹುದು ಅಂದರು.

ಮಂದಿ ಮುಂದ ನನ್ನ ವಿಷಯ ಎತ್ತಬ್ಯಾಡವ್ವಾ ಎಂದು ಕಲ್ಲಯ್ಯ ದ್ರಾಕ್ಷಿ ಹಿಡಿದೇ ಗೋಗರೆದ. ಎತ್ತುವುದಿಲ್ಲ. ಅಷ್ಟು ಅಗ್ಗಕ್ಕೆ ಬಿಡುತ್ತೇನೆಯೇ, ನಾಲ್ಕು ದಿನ ಬೈದು ಮತ್ತೆ ಅವನ ಹತ್ತಿರವೇ ಗುಳಿಗೆ ಕೇಳುವ ಮಂದಿ — ಬರ್ರಿ ಭಾವ, ಕೂಡ್ರಿ, ಸ್ಪೀಚ್ ಥೆರಪಿಸ್ಟ್ ಹೇಳ್ಯಾರ, ದಿನಾ ಒಂದೊಂದು ಸಾಮಾನು ತೋರಿಸಿ ಹೆಸರು ಕೇಳಬೇಕಂತ, ಇನ್ನ ಮ್ಯಾಲ ನೀವ ಕೇಳ್ರಿ, ಎಂದು ಚಮಚ ಕೈಗಿಟ್ಟೆ. ಹಿಡಿದ. ವಾಟ್ಸ್ ದಿಸ್, ಅಂಕಿತಾ — ಅವಳು ನೋಡಿದಳು, ಇಟ್ಸ್ ಅ, ಇಟ್ಸ್ ಅ, ಬಾಯಿ ತೆರೆದೇ ಇದೆ, ಅವನು ಚಮಚ ಕೆಳಗಿಳಿಸಿದ, ನನ್ನ ಹೊಟ್ಟೆ ತಣ್ಣಗಾಗುತ್ತಿದೆ, ಸಾಕವ್ವಾ, ಅಂದ, ಸಾಕಾಗಿಲ್ಲ, ಮತ್ತ ಕೇಳ್ರಿ, ಮತ್ತೆ ಚಮಚ ಮೇಲೆದ್ದಿತು, ಇಟ್ಸ್ ಅ — ಮಗಳ ಕಣ್ಣು ತುಂಬಿತು, ನೋಡುತ್ತಿದ್ದಾಳೆ, ಅವನ ಕಡೆಗಲ್ಲ, ನನ್ನ ಕಡೆ, ಸಾಕು ಅನ್ನಲು ಅವಳಿಗೆ ಮಾತಿಲ್ಲ, ಮತ್ತ ಕೇಳ್ರಿ, ಚಮಚ, ಗಾಳಿಯಲ್ಲಿ ಚಮಚ, ಮತ್ತ ಕೇಳ್ರಿ, ಚಮಚ