ಹನ್ನೆರಡನೆಯ ಕೈ

"ಅಮ್ಮಾ, ಇದೂ ಹಿಡ್ಕೊ," ಎಂದು ದಿಯಾ ನಾಲ್ಕನೆಯ ಪುಸ್ತಕವನ್ನೂ ತಾಯಿಯ ತೋಳಿನ ಮೇಲಿಟ್ಟಳು. ಶನಿವಾರ ಬೆಳಿಗ್ಗೆ ಹ್ಯೂಸ್ಟನ್ನಿನ ಆ ಕಾಲೇಜು ಲೈಬ್ರರಿಯ ಮೂರನೆಯ ಮಹಡಿಯಲ್ಲಿ ಅವರಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಪ್ಪು ಜನಾಂಗದ ಹುಡುಗರಿಗೆ ಟೆಕ್ಸಸ್ಸಿನ ಕೋರ್ಟುಗಳಲ್ಲಿ ಸಿಗುವ ಶಿಕ್ಷೆಯ ಬಗ್ಗೆ ದಿಯಾ ಪ್ರಬಂಧ ಬರೆಯಬೇಕಿತ್ತು. ಪಟ್ಟಿಯಲ್ಲಿದ್ದ ಒಂಬತ್ತು ಪುಸ್ತಕಗಳಲ್ಲಿ ಐದು ಶೆಲ್ಫಿನಲ್ಲಿರಲಿಲ್ಲ. ಅವು ಎಲ್ಲಿ ಹೋದವೆಂದು ಕೇಳಲು ಅವಳು ಕೆಳಗಿಳಿದಳು.

ಶಕುಂತಲಾ ಇಪ್ಪತ್ತೆಂಟು ವರ್ಷ ಮಕ್ಕಳ ಡಾಕ್ಟರಾಗಿ ದುಡಿದು ಹೋದ ವರ್ಷ ನಿವೃತ್ತರಾಗಿದ್ದರು. ಊರಾಚೆಯ ಫುಲ್‌ಶೀರ್‌ನ ಮನೆಯಲ್ಲಿ ಹೊತ್ತು ಹೋಗದೆ, ಮಗಳು ಕರೆದ ಕೂಡಲೇ ಕಾರು ತೆಗೆದಿದ್ದರು. ಮೇಜಿನ ಮುಂದೆ ಕೂತು, ಎಲ್ಲಕ್ಕಿಂತ ದಪ್ಪನೆಯ ಪುಸ್ತಕವನ್ನು ಸುಮ್ಮನೆ ತಿರುವಿದರು.

ಒಂದು ಪುಟದಲ್ಲಿ ಡೆಲ್ರಾಯ್ ಪಿಕೆಟ್ ಎಂಬ ಹೆಸರಿತ್ತು. ಹತ್ತೊಂಬತ್ತು ವರ್ಷ. ಪೆಟ್ರೋಲ್ ಬಂಕಿನ ದರೋಡೆ. ನಲವತ್ತು ವರ್ಷ ಸೆರೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ತೀರ್ಪು ಬಂದ ಮೂರು ವರ್ಷದ ಮೇಲೆ ಬಂಕಿನ ಕೆಲಸದವನು, ತಾನು ಗುರುತು ಹಿಡಿದದ್ದು ತಪ್ಪಿರಬಹುದೆಂದು ಬರೆದುಕೊಟ್ಟಿದ್ದ. ಕೋರ್ಟು ಒಪ್ಪಲಿಲ್ಲ. ಎಂಟನೆಯ ಬೇಸಿಗೆಯಲ್ಲಿ ಹುಡುಗ ಜೈಲಿನೊಳಗೇ ಉಸಿರು ಕಟ್ಟಿ ಸತ್ತಿದ್ದ. ಅವನಿಗೆ ಆಸ್ತಮಾ ಇತ್ತು.

ಆಸ್ತಮಾ ಇದ್ದದ್ದು ಶಕುಂತಲಾ ಅವರಿಗೆ ಗೊತ್ತಿತ್ತು. ವಿಚಾರಣೆಯ ಎರಡನೆಯ ದಿನ ಅವನು ಇನ್‌ಹೇಲರ್ ಎಳೆದುಕೊಂಡಾಗ, ಹಿಡಿಯುವ ರೀತಿ ಸರಿಯಿಲ್ಲ, ಯಾರೂ ಹೇಳಿಕೊಟ್ಟಿಲ್ಲ ಎಂದುಕೊಂಡಿದ್ದರು.

ದಿಯಾ ಬರಿಗೈಯಲ್ಲಿ ವಾಪಸು ಬಂದಳು. "ಆಸ್ಟಿನ್‌ನಿಂದ ತರಿಸ್ಬೇಕಂತೆ. ಟೂ ವೀಕ್ಸ್... ಅಮ್ಮಾ, ಏನಾಯ್ತು?"

"ಈ ಹುಡುಗನ ಜ್ಯೂರಿಯಲ್ಲಿ ನಾನಿದ್ದೆ."

ದಿಯಾ ಪುಟ ನೋಡಿದಳು, ತಾಯಿಯನ್ನು ನೋಡಿದಳು. "ನೀನಾ?"

"ಸಿಟಿಜನ್ ಆದ ವರ್ಷಾನೇ ಜ್ಯೂರಿಗೆ ಬರಬೇಕು ಅಂತ ಕೋರ್ಟಿಂದ ಕಾಗದ ಬಂತು. ಎಷ್ಟು ಹೆಮ್ಮೆಯಿಂದ ಹೋಗಿದ್ದೆ ಗೊತ್ತಾ. ಆ ಬಂಕಿನವನು ಕತ್ತಲಲ್ಲಿ ನೋಡಿದ್ದು, ಹೇಗೆ ನಂಬೋದು ಅಂತ ನಾನೊಬ್ಬಳೇ ಕೇಳಿದೆ. ಹನ್ನೆರಡರಲ್ಲಿ ಹನ್ನೊಂದು ಜನ ಅವನೇ ಅಪರಾಧಿ ಅಂತ ಕೈ ಎತ್ತಿಯಾಗಿತ್ತು. ಶುಕ್ರವಾರ. ಎಲ್ಲರೂ ಗಡಿಯಾರ ನೋಡ್ತಿದ್ರು."

"ಮತ್ತೆ?"

"ನಾನೂ ಎತ್ತಿದೆ. ನಿನ್ನ ಡೇಕೇರ್ ಆರು ಗಂಟೆಗೆ ಕ್ಲೋಸ್ ಆಗ್ತಿತ್ತು..."

"ನೋ," ಎಂದಳು ದಿಯಾ. "ಅದನ್ನ ನನ್ನ ಮೇಲೆ ಹಾಕ್ಬೇಡ."

ಹದಿನಾಲ್ಕು ವರ್ಷದಿಂದ ಶಕುಂತಲಾ ತಮಗೆ ತಾವೇ ಹೇಳಿಕೊಂಡು ಬಂದಿದ್ದ ಕಾರಣ ಅದೊಂದೇ. ಹನ್ನೆರಡು ಜನರಲ್ಲಿ ಒಬ್ಬರು ಒಪ್ಪದಿದ್ದರೂ ಅಪರಾಧಿಯೆಂದು ತೀರ್ಪು ಕೊಡುವಂತಿಲ್ಲ ಎಂದು ಜಡ್ಜ್ ಎರಡು ಸಲ ವಿವರಿಸಿದ್ದು ನೆನಪಿತ್ತು.

"ಅವನ ಅಮ್ಮ ಇರಬಹುದು," ಎಂದರು ಕೊನೆಗೆ. "ಹುಡುಕಿ ಒಂದು ಕಾಗದ ಬರೆದರೆ..."

ದಿಯಾ ಪುಟದ ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟಳು. ಮಗ ಸತ್ತ ಮರುವರ್ಷ ತಾಯಿಯೂ ತೀರಿಕೊಂಡಿದ್ದಳು.

ಇಬ್ಬರೂ ಪುಸ್ತಕಗಳನ್ನು ಎತ್ತಿಕೊಂಡು ಕೆಳಗಿಳಿದರು. ಕೆಳಗಿನ ಕೌಂಟರಿನಲ್ಲಿದ್ದ ಹೆಂಗಸು ಪುಸ್ತಕಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ, ಇಪ್ಪತ್ತೊಂದನೇ ತಾರೀಖಿನೊಳಗೆ ತಂದುಕೊಡಿ ಎಂದು ನಗುತ್ತಾ ಹೇಳಿದಳು. ಶಕುಂತಲಾ ಅವಳಿಗೆ ಥ್ಯಾಂಕ್ಸ್ ಹೇಳಿದರು.

ಹೊರಗೆ ಬಿಸಿಲು ಆಗಲೇ ಏರಿತ್ತು. ಶಕುಂತಲಾ ಕಾರು ಸ್ಟಾರ್ಟ್ ಮಾಡಿ ಎಸಿ ಹಾಕಿ, ಪಕ್ಕದ ಸೀಟಿನ ಮೇಲಿದ್ದ ತಮ್ಮ ಕೈಚೀಲವನ್ನು ಎತ್ತಿ ಜಾಗ ಮಾಡಿದರು. ದಿಯಾ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. ಬೆಲ್ಟ್ ಹಾಕಿಕೊಂಡ ಸದ್ದಾಯಿತು, ಆಮೇಲೆ ಪುಟ ತಿರುವಿದ ಸದ್ದು. ಶಕುಂತಲಾ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಗಾಡಿಯನ್ನು ಹಿಂದಕ್ಕೆ ತೆಗೆದರು.