ಪುಸ್ತಕದಲ್ಲಿ ಹೆಸರಿಲ್ಲದವರು

"ಈ ಮುದುಕ ಭಾಡ್ಯಾ ಯಾವಾಂವ? ನಮ್ಮ ಕಂಪನ್ಯಾಗ ಇವನ ಮಾರಿ ನಾ ಒಂದಿನಾನೂ ನೋಡಿಲ್ಲ."

ಮ್ಯಾನೇಜರ್ ಅಮರ್, ಪಾಂಡಪ್ಪನ ಕೈಯಿಂದ ಬಾಕಿ ಪಗಾರದ ಅರ್ಜಿಯನ್ನು ಕಿತ್ತು ಮೆಟ್ಟಿಲ ಕೆಳಗೆ ಎಸೆದ. ಅದೇ ಕಂಪನಿಯಲ್ಲಿ ಹದಿನಾಲ್ಕು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದಿದ್ದ ಪಾಂಡಪ್ಪ ಕಾಗದ ಎತ್ತಿಕೊಳ್ಳಲು ಬಗ್ಗಿದವನು ಹಾಗೇ ಕುಕ್ಕರಿಸಿ ಕೆಮ್ಮತೊಡಗಿದ. ಕಲ್ಲಿನ ಪುಡಿ ಕುಡಿದ ಎದೆ. ಒಮ್ಮೆ ಶುರುವಾದರೆ ಬೇಗ ನಿಲ್ಲುತ್ತಿರಲಿಲ್ಲ.

ತೆಲಂಗಾಣದ ತಾಂಡೂರಿನಿಂದ ಕರಣಕೋಟಕ್ಕೆ ಹೋಗುವ ಹಾದಿಯಲ್ಲಿದ್ದ ಆ ಫರಸಿ ಕಂಪನಿ ಹನ್ನೊಂದು ತಿಂಗಳ ಪಗಾರ ಕೊಡದೆ ಬಾಗಿಲು ಹಾಕಿತ್ತು. ದಿವಾಳಿ ಎಂದು ಕೇಸು ಕೋರ್ಟಿಗೆ ಹೋಗಿ, ಕೋರ್ಟು ನೇಮಿಸಿದ ಅಧಿಕಾರಿ ಹೈದರಾಬಾದಿನಿಂದ ಬಂದು ಮ್ಯಾನೇಜರನ ಕೋಣೆಯಲ್ಲಿ ಕುಳಿತಿದ್ದ. ಬಾಕಿ ಕೇಳುವವರು ಅವನಿಗೆ ಅರ್ಜಿ ಕೊಡಬೇಕು. ಅಂದೇ ಕೊನೆಯ ದಿನ. ಪೇಪರಿನ ಮೂಲೆಯಲ್ಲಿ ಪ್ರಕಟಣೆ ಬಂದಿತ್ತಂತೆ. ಕಲ್ಲು ಕೊಯ್ಯುವವರಿಗೆ ಅದು ಗೊತ್ತಾದದ್ದು ಮೂರು ದಿನದ ಹಿಂದೆ, ಧಾರೂರಿನ ವಕೀಲೆ ಮಾಧುರಿ ಹೇಳಿದ ಮೇಲೆ. ಒಬ್ಬರನ್ನು ಮುಂದಿಟ್ಟುಕೊಂಡು ಎಲ್ಲರೂ ಒಂದೇ ಜಂಟಿ ಅರ್ಜಿ ಕೊಡಬಹುದೆಂದೂ ಆಕೆಯೇ ಹೇಳಿ ಬರೆದುಕೊಟ್ಟಿದ್ದಳು.

ಕಂಪನಿಯ ಪುಸ್ತಕದಲ್ಲಿ ಒಂಬತ್ತು ಜನರ ಹೆಸರು ಮಾತ್ರ ಇತ್ತು. ಅದರಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಸಾಬಮ್ಮನದೂ ಒಂದು. ಪಾಲಿಶ್ ಮಷೀನು ಅವಳ ಎರಡು ಬೆರಳು ತಿಂದಾಗ ಆಸ್ಪತ್ರೆಯವರು ಕಾಗದ ಕೇಳಿದ್ದರಿಂದ ಆ ಹೆಸರು ಸೇರಿತ್ತು. ಉಳಿದ ಮೂವತ್ತೆರಡು ಮಂದಿ ಮೇಸ್ತ್ರಿಯ ಕೈಯಿಂದ ಪಗಾರ ತೆಗೆದುಕೊಂಡವರು. ಗೇಟಿನ ಹಾಜರಿ ವಹಿಯಲ್ಲಿ ಬಿಟ್ಟರೆ ಅವರ ಹೆಸರು ಎಲ್ಲೂ ಇರಲಿಲ್ಲ.

ಸಾಬಮ್ಮನನ್ನು ಒಳಗೆ ಕರೆದರು. ಅವಳು ತನ್ನೊಬ್ಬಳ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಅಮರ್ ತಾನೇ ಅವಳಿಗೆ ಕುರ್ಚಿ ಎಳೆದ. ಅವಳ ಒಂಬತ್ತು ವರ್ಷದ ಕೆಲಸದಲ್ಲಿ ಅದು ಮೊದಲ ಸಲ. ಅಧಿಕಾರಿ ಚಹಾ ಕುಡಿಯುತ್ತ ಕಾಗದ ತಿರುವುತ್ತಿದ್ದ. ಅವನ ಎದುರೇ ಅಮರ್ ನಗುನಗುತ್ತ ಕನ್ನಡದಲ್ಲಿ ಶುರುಮಾಡಿದ.

"ಈ ಸಾಹೇಬಗ ಕನ್ನಡ ಬರಂಗಿಲ್ಲ. ಹೊರಗ ನಿಂತವ್ರು ನನಗ ಗುರ್ತಿಲ್ಲ ಅಂತ ಇಷ್ಟ ಹೇಳು, ನಿಂದು ಇವತ್ತೇ ಪಾಸ್ ಆಗ್ತದ. ಇಲ್ಲಂದ್ರ ಆ ಮುದುಕನ ಸಂಗಟ ನೀನೂ ಮಣ್ಣ ತಿನ್ನಾಕ ಹೋಗು."

ಸಾಬಮ್ಮನ ಮಗಳು ಶಿರೀಷಾ ವಿಕಾರಾಬಾದಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಫೀಸು ಕಟ್ಟದೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದಿದ್ದರು. ಗಂಡ ಬಂಡೆಪ್ಪ ಮಾರಬಹುದಾದ ಕುರಿಗಳನ್ನೆಲ್ಲ ಮಾರಿದ್ದ. ಒಂದು ಮಾತು ಹೇಳಿ ಹೊರಗೆ ಹೋದರೆ ಆಯಿತು. ಆದರೆ ಕಿಟಕಿಯ ಆಚೆ ಪಾಂಡಪ್ಪನ ಕೆಮ್ಮು ಇನ್ನೂ ನಿಂತಿರಲಿಲ್ಲ.

ಹೊರಗಿನವರು ನಿನ್ನ ಜೊತೆ ಕೆಲಸ ಮಾಡಿದವರೇ ಎಂದು ಅಧಿಕಾರಿ ತೆಲುಗಿನಲ್ಲಿ ಕೇಳಿದ.

ಸಾಬಮ್ಮ ತೆಲುಗಿನಲ್ಲೇ ಉತ್ತರ ಕೊಟ್ಟಳು. ತಾಂಡೂರಿನ ಬಜಾರದಲ್ಲಿ ಕಲಿತ ಹರಕುಮುರುಕು ತೆಲುಗು. ಅಮರ್ ಈಗಷ್ಟೇ ಹೇಳಿದ್ದನ್ನು, ಮಣ್ಣು ತಿನ್ನುವ ಮಾತನ್ನೂ ಬಿಡದೆ, ಇದ್ದ ಹಾಗೇ ಒಪ್ಪಿಸಿದಳು.

ಅಧಿಕಾರಿ ಚಹಾದ ಕಪ್ ಕೆಳಗಿಟ್ಟ. ಹಾಜರಿ ವಹಿ ಎಲ್ಲಿ ಎಂದು ಅಮರನನ್ನು ಕೇಳಿದ. ಗೆದ್ದಲು ತಿಂದಿದೆ ಎಂದ ಅಮರ್. ಲೆಕ್ಕದ ಪುಸ್ತಕ ಬಚ್ಚಿಟ್ಟರೆ ಕೋರ್ಟು ಜೈಲಿಗೂ ಕಳಿಸಬಹುದು ಎಂದ ಅಧಿಕಾರಿ. ಆಮೇಲೆ ಸಾಬಮ್ಮನ ಕಡೆ ತಿರುಗಿ, ಅವಳ ಹೆಸರು ಪುಸ್ತಕದಲ್ಲಿದೆ, ಅವಳ ಅರ್ಜಿಗೆ ತೊಂದರೆಯಿಲ್ಲ, ಆದರೆ ಉಳಿದವರಿಗೆ ಪುರಾವೆ ಇಲ್ಲ, ಜಂಟಿ ಅರ್ಜಿ ವರ್ಷಗಟ್ಟಲೆ ಎಳೆಯಬಹುದು, ಬಿದ್ದೂ ಹೋಗಬಹುದು ಎಂದು ತಿಳಿಸಿದ.

ಅವಳು ಮೇಜಿನ ಮೇಲಿದ್ದ ತನ್ನ ಅರ್ಜಿಯನ್ನು ವಾಪಸ್ ತೆಗೆದುಕೊಂಡು ಎರಡು ತುಂಡು ಮಾಡಿದಳು. ಹೊರಗಿನವರು ಅವಳ ಕೈಗೆ ಕೊಟ್ಟು ಕಳಿಸಿದ್ದ ಜಂಟಿ ಅರ್ಜಿಯನ್ನು ಸೆರಗಿನಿಂದ ತೆಗೆದು ಅಲ್ಲಿಟ್ಟಳು. 

"ನನ್ನ ಹೆಸರೂ ಇದರಾಗೇ ಬರಕೋರಿ. ಶಿಕ್ಕಾ ಹೊಡದು ರಸೀದಿ ಕೊಡ್ರಿ. ಅಲ್ಲೀತನ ನಾ ಏಳಂಗಿಲ್ಲ." ಇದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು.

"ಸೂಳೀ ಸೊಕ್ಕ ನೋಡು," ಎಂದು ಅಮರ್ ಎದ್ದು ಕಾವಲುಗಾರ ಮೌನೇಶನನ್ನು ಕೂಗಿದ. ಆರು ವರ್ಷದಿಂದ ಕಂಪನಿಯ ಗೇಟು ಕಾಯುತ್ತಿದ್ದ ಮೌನೇಶ ಲಾಠಿ ಹಿಡಿದು ಒಳಗೆ ಬಂದ.

"ಇಕಿನ್ನ ಎಳದು ಹೊರಗ ಹಾಕು."

ಮೌನೇಶ ಸಾಬಮ್ಮನ ಕುರ್ಚಿಯವರೆಗೆ ನಡೆದು ಬಂದ. ಅವಳು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. ಅವನು ಲಾಠಿಯನ್ನು ಗೋಡೆಗೆ ಒರಗಿಸಿ, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಅಧಿಕಾರಿಯ ಕಡೆ ನೋಡಿದ.

"ನನ್ ಪಗಾರನೂ ಬಂದಿಲ್ರಿ. ನನ್ ಹೆಸರೂ ಬರಕೋರಿ," ಎಂದು ತನಗೆ ಬಂದಷ್ಟು ತೆಲುಗಿನಲ್ಲಿ ಹೇಳಿದ. "ದಿನಾ ಮುಂಜಾನೆ ಈ ಮಂದಿಗೆಲ್ಲ ಗೇಟ್ ತೆಗದಾಂವ ನಾನೇ."